ಕೈ ಕಟ್ಟಿಕೊಂಡು ನೋಡಿದ ಮೂರು ಮ್ಯೂಸಿಯಂ

ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದ ಮ್ಯೂಸಿಯಂಗಳನ್ನು ತೆರೆಯಲು ಕೇಂದ್ರ ಸಂಸ್ಕೃತಿ ಸಚಿವಾಲಯ ಒಪ್ಪಿದ್ದು ನವೆಂಬರ್‌ನಲ್ಲಿ. ನಾವು ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಬಸ್ಸು ಹತ್ತಲು ಅಕ್ಕ ಒಪ್ಪಿದ್ದು ಸಂಕ್ರಾಂತಿಯೂ ಕಳೆದ ಮೇಲೆ. ಅವಳ ಮಗನನ್ನು ಕರೆದುಕೊಂಡು ಬೇರೆ ಬೇರೆ ದಿನ ಮೂರು ಕಡೆ ಹೋಗಿಬಂದೆ: ಕಸ್ತೂರಬಾ ರಸ್ತೆಯಲ್ಲಿ ವಿಜ್ಞಾನ, ಯಂತ್ರಗಳನ್ನು ತೋರಿಸುವ ವಿಶ್ವೇಶ್ವರಯ್ಯ ಮ್ಯೂಸಿಯಂ, ಅದೇ ರಸ್ತೆಯ ಸರ್ಕಾರಿ ಮ್ಯೂಸಿಯಂ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಮಾಸ್ಕು, ಸ್ಯಾನಿಟೈಸರು ಎಲ್ಲ ಕಡೆಯೂ ಒಂದೇ. ಏನನ್ನೂ ಮುಟ್ಟದೆ ಎಷ್ಟು ದಕ್ಕುತ್ತದೆ ಎನ್ನುವುದರಲ್ಲೇ ವ್ಯತ್ಯಾಸ.

ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ನಮ್ಮೂರಿನ ಮಗ್ಗುಲಲ್ಲೇ ಇದೆ. ಹಾಗಾಗಿ ಸರ್ ಎಂ.ವಿ. ಹೆಸರಿನ ಮ್ಯೂಸಿಯಂ ಮೇಲೆ ನನಗೆ ಪಕ್ಷಪಾತ ಇದ್ದದ್ದೇ. ಮಾಮೂಲಿ ದಿನಗಳಾದರೆ ಮಕ್ಕಳಿಗೆ ಮೊದಲು ಅಲ್ಲಿಗೇ ಹೋಗಿ ಅನ್ನುತ್ತೇನೆ. ಆದರೆ ಅದರ ಜೀವ ಇರುವುದೇ ಗುಂಡಿ, ಹಿಡಿಕೆ, ಚಕ್ರಗಳಲ್ಲಿ. ಅಕ್ಕ ಮಗನ ಕೈಲಿ ಆಣೆ ಹಾಕಿಸಿ ಕಳಿಸಿದ್ದಳು, ಏನನ್ನೂ ಮುಟ್ಟುವಂತಿಲ್ಲ. ಹಬ್ಬದ ಎಲೆಯ ಮುಂದೆ ಕೂರಿಸಿ ಉಪವಾಸ ಕೆಡವಿದಂತಾಯಿತು. ಒಂದೊಂದು ಮಾದರಿಯ ಮುಂದೆಯೂ ನಿಂತು ನನ್ನ ಮುಖ ನೋಡುತ್ತಾನೆ. "ಮಾಮ, ಇದೊಂದೇ?" ಒತ್ತಿದ ಮೇಲೆ ಸ್ಯಾನಿಟೈಸರು, ಮುಂದಿನದಕ್ಕೆ ಮತ್ತೆ ಅದೇ ಪ್ರಶ್ನೆ. ಕೈ ಬೇಡದೆ ಬರೀ ಕಣ್ಣಿಗೇ ತೃಪ್ತಿ ಕೊಟ್ಟದ್ದು ರೈಟ್ ಸಹೋದರರ ವಿಮಾನದ ಮಾದರಿ, ನಿಜವಾದ ಅಳತೆಯಲ್ಲೇ ಇದೆ. ಎಂಜಿನ್‌ಗಳ ಹಜಾರವೂ ಪರವಾಗಿಲ್ಲ.

ಸರ್ಕಾರಿ ಮ್ಯೂಸಿಯಂನಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. 1865ರಲ್ಲಿ ಶುರುವಾದದ್ದು, ಈಗಿನ ಕೆಂಪು ಕಟ್ಟಡ 1877ರದು. ಶಾಲೆಯಿಂದ ಪ್ರವಾಸ ಹೋದಾಗ ಸಾಲಾಗಿ ನಡೆದು ಹೊರಬಿದ್ದ ನೆನಪಷ್ಟೇ ಇತ್ತು. ಆದರೆ ಕಲ್ಲನ್ನು ಮುಟ್ಟಿ ನೋಡಬೇಕಾಗಿಲ್ಲ, ಓದಬೇಕು. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಶಾಸನದ ಮುಂದೆ ನಾವು ನಿಂತೇ ನಿಂತೆವು. ಹತ್ತನೇ ಶತಮಾನದ್ದು. ಗಂಗರ ದೊರೆ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಸುದ್ದಿ ಅದರಲ್ಲಿದೆ. ಚರಿತ್ರೆಯ ಮೇಷ್ಟ್ರಿಗೆ ಅದು ಮುಖ್ಯ, ನಮ್ಮ ಹುಡುಗನಿಗೆ ಮಾತ್ರ ಕಾಳಿ. ಕಾಳಿ ಎಂದರೆ ಬೂತುಗನ ಕಡೆಯ ವೀರ ಮಣಲೇರನ ಬೇಟೆನಾಯಿ. ಕಾಡುಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಪೂಜಾರಿ) ಉಣ್ಣಬಾರದು ಎಂದು ಕಟ್ಟಳೆಯನ್ನೂ ಬರೆಸಿದ್ದಾರೆ. ಮೇಲೆ ನಾಯಿ, ಹಂದಿ ಕಚ್ಚಾಡುವ ಕೆತ್ತನೆ. ನಮ್ಮ ಕಡೆ ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೆ ಎಮ್ಮೆ ಕಟ್ಟುತ್ತಾರೆ. ಇಲ್ಲಿ ನಾಯಿಗೂ ವೀರಗಲ್ಲು ಎಂದರೆ ಆ ಹುಡುಗ ನಂಬಲೇ ಇಲ್ಲ, ನಾನೇ ಅಕ್ಷರ ಕೂಡಿಸಿ ತೋರಿಸಬೇಕಾಯಿತು. ಜನವೂ ಕಡಿಮೆ, ಹಿಂದಿನಿಂದ ನೂಕುವವರಿಲ್ಲ. ಆ ದಿನಗಳಲ್ಲಿ ಅದೇ ದೊಡ್ಡ ಅನುಕೂಲ.

ಕಲಾ ಗ್ಯಾಲರಿ ದೊಡ್ಡವರಿಗೆ. 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ಶುರುವಾದದ್ದು. ಆವರಣದ ತುಂಬ ಮರ, ಗಾಳಿ. ಮುಚ್ಚಿದ ಕೋಣೆ ಎಂದರೆ ಎದೆ ಹೊಡೆದುಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿ ನಿರಾಳವಾಗಿ ಉಸಿರಾಡಬಹುದಿತ್ತು. ಹುಡುಗ ಮಾತ್ರ ಅರ್ಧಕ್ಕೇ ಆಕಳಿಸಿದ.

ಹೋಗಿಬರುವ ಲೆಕ್ಕಕ್ಕೆ ಬಂದರೆ ಗ್ಯಾಲರಿಯೇ ಮೇಲು. ನಮ್ಮ ಬಸ್ಸಿನಿಂದ ಮೇಖ್ರಿ ಸರ್ಕಲ್‌ನಲ್ಲಿ ಇಳಿದು ಆಟೊ ಹಿಡಿದರೆ ಸಾಕು. ಕಸ್ತೂರಬಾ ರಸ್ತೆಗೆ ಮೆಜೆಸ್ಟಿಕ್‌ವರೆಗೂ ಹೋಗಿ ಮೆಟ್ರೊ ಹತ್ತಬೇಕು. ಆಗ ಟೋಕನ್ ಕೊಡುತ್ತಿರಲಿಲ್ಲ, ಕಾರ್ಡೇ ಬೇಕಿತ್ತು. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ದಂಡ.

ಆದರೂ ಮಕ್ಕಳಿದ್ದು, ಕಾಲ ಹಾಗೇ ಇದ್ದರೆ ನಾನು ಇಳಿಯುವುದು ಸರ್ಕಾರಿ ಮ್ಯೂಸಿಯಂ ಮುಂದೆಯೇ. ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲಿಗೂ ಓಡಿಹೋಗುವುದಿಲ್ಲ, ಅಕ್ಕ ಆಣೆ ವಾಪಸು ತೆಗೆದುಕೊಂಡ ಮೇಲೆ ಹೋದರಾಯಿತು.