ಮೂರು ಮಳೆಗಾಲ ಕಂಡ ತಾಮ್ರದ ಆಂಪ್ ವೈರಿಂಗ್ ಕಿಟ್

ಕಾರಿನ ಆಂಪ್ (ಹಾಡಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್), ವೂಫರ್ (ಬಾಸ್ ಸ್ಪೀಕರ್) ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬ್ಯಾಟರಿಯಿಂದ ಆಂಪ್‌ಗೆ ಕರೆಂಟ್ ತರುವ ವೈರ್ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಒಂದು ವರ್ಷ ನನಗೆ ತಲೆನೋವು ಕೊಟ್ಟಿದ್ದು ಅದೇ.

ನನ್ನದು ಹಳೇ ಸ್ವಿಫ್ಟ್. ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, 400 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡುವ ಶಕ್ತಿ) ಮೋನೋ (ಒಂದೇ ಚಾನೆಲ್‌ನ) ಆಂಪ್. ಮನೆ ಮಡಿಕೇರಿಯಿಂದ ಒಳಗೆ, ತೋಟದ ದಾರಿಯಲ್ಲಿ. ಮೊದಲು ಹಾಕಿಸಿದ ಅಂಗಡಿಯಲ್ಲಿ 'ಅಣ್ಣಾ, ಎಲ್ಲರೂ ಇದೇ ಹಾಕಿಸೋದು' ಅಂತ 700 ರೂಪಾಯಿಯ ಕಿಟ್ ಕೊಟ್ಟರು. ಮೇಲೆ 4 ಗೇಜ್ (ವೈರಿನ ದಪ್ಪದ ಅಳತೆ) ಅಂತ ಬರೆದಿತ್ತು, ಕೈಯಲ್ಲಿ ಹಿಡಿದರೂ ದಪ್ಪಗೇ ಇತ್ತು.

ಹುತ್ತರಿ ಹೊತ್ತಿಗೆ ತೊಂದರೆ ಶುರುವಾಯಿತು. ಕಾರಿನಲ್ಲಿ ವಾಲಗ ಹಾಕಿದರೆ ಡೋಲಿನ ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತಿತ್ತು. ಸಂಪಾಜೆ ಘಾಟಿಯಲ್ಲಿ ರಾತ್ರಿ ಮಂಜು ಕವಿದಾಗ ಹೀಗಾದರೆ ನಿಜವಾಗಿ ಭಯ ಆಗುತ್ತದೆ. ಮಳೆಗಾಲ ಬಂದ ಮೇಲೆ ಇನ್ನೂ ಜಾಸ್ತಿಯಾಗಿ, ಬಾಸ್ ಬಂದಾಗಲೆಲ್ಲ ಆಂಪ್ ಆಫ್ ಆಗತೊಡಗಿತು. ಆಂಪೇ ಹೋಯಿತು ಅಂದುಕೊಂಡೆ. ಕೊನೆಗೆ ಕುಶಾಲನಗರದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಆಂಪ್ ಹತ್ತಿರ ಬಾಸ್ ಬಂದಾಗ 11.6ಕ್ಕೆ ಇಳಿಯುತ್ತಿತ್ತು. ಅಂದರೆ ಎರಡು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತಿತ್ತು!

ವೈರ್ ಕತ್ತರಿಸಿ ನೋಡಿದರೆ ಮೇಲೆಲ್ಲ ಪ್ಲಾಸ್ಟಿಕ್, ಒಳಗೆ ಸಣ್ಣ ಎಳೆಗಳು. ಬ್ಲೇಡಿನಲ್ಲಿ ಒಂದು ಎಳೆ ಕೆರೆದಾಗ ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಕಂಡಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಮೂರನೇ ಎರಡು ಭಾಗದಷ್ಟೇ ಕರೆಂಟ್ ಒಯ್ಯುತ್ತದೆ. ನಮ್ಮ ಕಡೆಯ ತೇವಕ್ಕೆ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಆಂಪ್‌ನಿಂದ ಕಾರಿನ ಲೋಹಕ್ಕೆ ಸೇರಿಸುವ ಅರ್ಥಿಂಗ್ ವೈರನ್ನು ಪೇಂಟ್ ಮೇಲೇ ಬೋಲ್ಟ್ ಮಾಡಿದ್ದರು, ಅದರ ಸುತ್ತ ತುಕ್ಕು.

ಆಮೇಲೆ 3,800 ಕೊಟ್ಟು ಪೂರ್ತಿ ತಾಮ್ರದ 4 ಗೇಜ್ ಕಿಟ್ ತಂದೆ, ಸುಮಾರು 21 ಚದರ ಮಿಲಿಮೀಟರ್. ನನ್ನ ಆಂಪ್ ಬ್ಯಾಟರಿಯಿಂದ ಎಳೆದ ಶಕ್ತಿಯಲ್ಲಿ ಶೇಕಡಾ 80ರಷ್ಟನ್ನು ವೂಫರ್‌ಗೆ ಕೊಡುತ್ತದೆ ಅಂತ ಇಟ್ಟುಕೊಂಡರೆ, 400 ವ್ಯಾಟ್‌ಗೆ ಬ್ಯಾಟರಿಯಿಂದ 500 ವ್ಯಾಟ್ ಬೇಕು, ಅಂದರೆ ಹೆಚ್ಚುಕಡಿಮೆ 36 ಆಂಪಿಯರ್. ಅದಕ್ಕೆ 60ರ ಫ್ಯೂಸ್ ಸಾಕು. ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಹಾಕಿಸಿ. ಅದು ಇರುವುದು ವೈರ್‌ಗೆ ಬೆಂಕಿ ಹತ್ತದ ಹಾಗೆ ಕಾಯಲು. ಡಿಕ್ಕಿಯಲ್ಲಿ ಹಾಕಿದರೆ, ದಾರಿಯಲ್ಲಿ ಎಲ್ಲಾದರೂ ವೈರ್ ಸವೆದು ಕಾರಿನ ಲೋಹಕ್ಕೆ ತಾಗಿದಾಗ ಫ್ಯೂಸ್ ಹೋಗುವುದೇ ಇಲ್ಲ. ತೋಟದ ಕಲ್ಲು ದಾರಿಯಲ್ಲಿ ಕುಲುಕಾಡಿ ಸವೆಯುವುದು ಖಂಡಿತ, ಅದಕ್ಕೆ ಬಾನೆಟ್‌ನಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಇರಲೇಬೇಕು. ಪವರ್ ವೈರ್ ಒಂದು ಕಡೆ, ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರ್ ಇನ್ನೊಂದು ಕಡೆ ಎಳೆಸಿದ ಮೇಲೆ ಆಕ್ಸಿಲೇಟರ್ ಒತ್ತಿದಾಗ ಬರುತ್ತಿದ್ದ ಕುಂಯ್ ಸದ್ದೂ ನಿಂತಿತು.

ಅರ್ಥಿಂಗ್ ಮಾತ್ರ ನಾನೇ ಕೂತು ಮಾಡಿಸಿದೆ. ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ ಲೋಹ ಹೊಳೆಯುವವರೆಗೆ ಬಿಡಲಿಲ್ಲ. ವೈರ್ ಒಂದೂವರೆ ಅಡಿಗಿಂತ ಕಡಿಮೆ, ದಪ್ಪ ಪವರ್ ವೈರ್‌ನಷ್ಟೇ. ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಸುತ್ತ ವ್ಯಾಸಲಿನ್ ಬಳಿದೆವು, ನೀರು ಒಳಗೆ ಹೋಗದಿರಲಿ ಅಂತ.

ಈಗ ಮೂರು ಮಳೆಗಾಲ ಕಳೆದಿದೆ. ಬಾಸ್ ಬಂದಾಗಲೂ ಆಂಪ್ ಹತ್ತಿರ 13.4 ಇದೆ, ಲೈಟ್ ಮಿಣುಕುವುದಿಲ್ಲ, ಆಂಪ್ ಒಮ್ಮೆಯೂ ಆಫ್ ಆಗಿಲ್ಲ. ಅದೇ ಹಳೇ ಆಂಪ್, ಅದೇ ವೂಫರ್.

ಕಿಟ್‌ನಲ್ಲಿ ಬೇಸರ ತಂದಿದ್ದೂ ಇದೆ. ಜೊತೆಗೆ ಕೊಟ್ಟ ಲಗ್‌ಗಳು (ವೈರಿನ ತುದಿಗೆ ಹಾಕುವ ಲೋಹದ ಬಳೆಗಳು) ತೆಳು, ಬೇರೆ ತಂದು ಹಾಕಿಸಿದೆ. ಫ್ಯೂಸ್ ಹೋಲ್ಡರ್ ಮುಚ್ಚಳ ಸಡಿಲ. ಎರಡನೇ ವರ್ಷ ಬ್ಯಾಟರಿ ಕಡೆ ತುದಿಯಲ್ಲಿ ಸ್ವಲ್ಪ ಹಸಿರು ಕಿಲುಬು ಕಂಡಿತು, ಉಜ್ಜಿ ಮತ್ತೆ ಬಿಗಿದೆ. ಬಾನೆಟ್ ಒಳಗೆ ಇಲಿ ಬರುವುದು ನಿಮಗೂ ಗೊತ್ತಲ್ವಾ, ವೈರ್ ಮೇಲೆ ಹಾಕುವ ಸುಕ್ಕು ಪೈಪ್ ಕಿಟ್‌ನಲ್ಲಿ ಅರ್ಧದಷ್ಟೇ ಬರುತ್ತದೆ, ಇನ್ನೆರಡು ಮೀಟರ್ ಬೇರೆ ಕೊಂಡುಕೊಳ್ಳಿ.