ಮ್ಯೂನಿಕ್ ಶಾಲೆಯಲ್ಲಿ ಎರಡು ವರ್ಷ, ಡಬ್ಲಿನ್ ಶಾಲೆಯಲ್ಲಿ ಒಂದೂವರೆ ವರ್ಷ

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. "ಡಿವೋರ್ಸ್ ಆಯ್ತು ಅಕ್ಕ, ಹೊರಗೆ ಕೆಲಸ ಸಿಕ್ಕಿದೆ, ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೀನಿ. ಅಲ್ಲಿ ಶಾಲೆ ಹೇಗೆ?" ಪ್ರತಿ ಸಲ ಒಂದು ಗಂಟೆ ಮಾತಾಡುತ್ತೇನೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಮಕ್ಕಳು ನಿಜವಾಗಿ ಕೂತು ಓದಿದ ಜರ್ಮನಿ, ಐರ್ಲೆಂಡ್, ಈ ಎರಡು ದೇಶಗಳ ಸರ್ಕಾರಿ ಶಾಲೆಗಳ ಬಗ್ಗೆ ಮಾತ್ರ ಹೇಳುತ್ತೇನೆ. ಇಂಟರ್‌ನ್ಯಾಷನಲ್ ಸ್ಕೂಲ್ ಬಗ್ಗೆ ನನ್ನನ್ನು ಕೇಳಬೇಡಿ. ಇಬ್ಬರಿಗೆ ಸೇರಿ ಅಲ್ಲಿನ ಫೀಸು ನನ್ನ ಸಂಬಳದ ಅರ್ಧಕ್ಕಿಂತ ಜಾಸ್ತಿ ಇತ್ತು. ವಿಚಾರಿಸಿ ಸುಮ್ಮನಾದೆ.

2022ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೋದೆವು. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಇಬ್ಬರೂ ಬೆಂಗಳೂರಿನಲ್ಲಿ ಖಾಸಗಿ ಶಾಲೆಯಲ್ಲಿದ್ದರು. ದಿನಾ ಹೋಮ್‌ವರ್ಕ್, ಡೈರಿಗೆ ಸಹಿ, ಮೂರನೇ ಕ್ಲಾಸಿಗೇ ಯೂನಿಟ್ ಟೆಸ್ಟ್. ಅದರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಹೋಗುವ ಮೊದಲು ನಾನು ಎಲ್ಲರನ್ನೂ ಕೇಳಿದ್ದು ಸಿಲಬಸ್ ಬಗ್ಗೆ. ಗಣಿತ ಹೇಗಿದೆ, ಇಂಗ್ಲಿಷ್ ಇದೆಯಾ, ವಾಪಸ್ ಬಂದರೆ ಇಲ್ಲಿ ಹೊಂದುತ್ತಾ ಅಂತ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಮನೆ ಒಡೆದು, ಊರು ಬಿಟ್ಟು, ಮಧ್ಯದಲ್ಲಿ ಬಂದು ಸೇರುವ ಮಗುವಿಗೆ ಈ ಶಾಲೆ ಎಷ್ಟು ವರ್ಷ ಸಮಯ ಕೊಡುತ್ತದೆ? ಇದನ್ನು ಒಬ್ಬರೂ ನನಗೆ ಹೇಳಿಕೊಡಲಿಲ್ಲ.

ಜರ್ಮನಿಯಲ್ಲಿ ಶಾಲೆ ಅನ್ನೋದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಹದಿನಾರು ರಾಜ್ಯ, ಹದಿನಾರು ನಿಯಮ. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರನೇ ಕ್ಲಾಸಿನವರೆಗೆ ಇದೆ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿಗೇ ಮುಗಿಯುತ್ತದೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮೇ ತಿಂಗಳ ಶುರುವಿನಲ್ಲಿ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ ಅದರಲ್ಲಿ ಇರುತ್ತದೆ. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಫೇಲ್. ಸರಾಸರಿ 2.33ರ ಒಳಗೆ ಬಂದರೆ ಗಿಮ್ನಾಜಿಯಂ, ಅಂದರೆ ನೇರವಾಗಿ ಯೂನಿವರ್ಸಿಟಿ ಕಡೆ ಹೋಗುವ ಶಾಲೆ. 2.66ರ ಒಳಗೆ ಬಂದರೆ ರಿಯಾಲ್‌ಶೂಲೆ, ಅಂದರೆ ನಡುಮಟ್ಟದ ಶಾಲೆ. ಉಳಿದವರಿಗೆ ಮಿಟ್ಟೆಲ್‌ಶೂಲೆ, ಅಂದರೆ ಹೆಚ್ಚಾಗಿ ಕೆಲಸ ಕಲಿಯುವ ಕಡೆ ಹೋಗುವ ಶಾಲೆ. ಹತ್ತು ವರ್ಷದ ಮಗುವಿಗೆ ಇದೆಲ್ಲ.

ನನ್ನ ಮಗಳ ಲೆಕ್ಕ ಹಾಕಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಮೂರನೇ ಕ್ಲಾಸಿಗೆ ಸೇರಿದಳು. ಜರ್ಮನ್‌ನಲ್ಲಿ ನಮಸ್ಕಾರ ಹೇಳೋಕೂ ಬರುತ್ತಿರಲಿಲ್ಲ. 2024ರ ಮೇಗೆ ಸರ್ಟಿಫಿಕೇಟ್. ಕೈಯಲ್ಲಿದ್ದದ್ದು ಇಪ್ಪತ್ತು ತಿಂಗಳು. ಮೊದಲ ವರ್ಷ ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ಬೇರೆ ಕ್ಲಾಸು ಇತ್ತು. ಅಲ್ಲಿನ ಟೀಚರ್ ಬಂಗಾರದಂಥವರು. ಅಲ್ಲಿ ಉಕ್ರೇನ್, ಸಿರಿಯಾದಿಂದ ಬಂದ ಮಕ್ಕಳ ಮಧ್ಯೆ ನನ್ನ ಮಗಳು ನಗುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಬಂದಾಗ ನಗು ನಿಂತಿತು. ಪ್ರತಿ ವಾರ ಪರೀಕ್ಷೆ. ಎಲ್ಲಕ್ಕೂ ಲೆಕ್ಕ ಇದೆ.

ಒಂದು ರಾತ್ರಿ ಅವಳ ಪರಿಸರ ಪಾಠದ ನೋಟ್‌ಬುಕ್ ತೆಗೆದು ನೋಡಿದೆ. ಮರದ ಚಿತ್ರ ಬಿಡಿಸಿದ್ದಾಳೆ. ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ: ವುರ್ಟ್ಸೆಲ್, ಬೇರು. ಷ್ಟಾಮ್, ಕಾಂಡ. ಬ್ಲಾಟ್, ಎಲೆ. ಕೆಳಗೆ ಕಾಡಿನ ಪದರಗಳು, ಒಂದೊಂದಕ್ಕೂ ಬಣ್ಣ. ಪಾಠ ಪೂರ್ತಿ ಅರ್ಥ ಆಗಿದೆ. ತೀರ್ಥಹಳ್ಳಿಯ ಅಜ್ಜಿ ಮನೆ ಹಿಂದಿನ ಕಾಡು ನೋಡಿದ ಮಗು ಅದು. ಪರೀಕ್ಷೆಯಲ್ಲಿ 4 ಬಂತು. ಪದಗಳಿಗೆ ಮೊದಲು ಬರುವ, ಲಿಂಗ ತೋರಿಸುವ ಡೆರ್, ಡೀ, ಡಾಸ್ ತಪ್ಪಿ, ವಾಕ್ಯ ಪೂರ್ತಿ ಆಗಿರಲಿಲ್ಲ.

ಕೊನೆಗೆ ಗಣಿತ 2, ಪರಿಸರ 4, ಜರ್ಮನ್ 5. ಸರಾಸರಿ 3.66. ಮಿಟ್ಟೆಲ್‌ಶೂಲೆ.

ಇಲ್ಲಿ ನ್ಯಾಯವಾಗಿ ಹೇಳಬೇಕು. ಮಿಟ್ಟೆಲ್‌ಶೂಲೆ ಅಂದರೆ ಬಾಗಿಲು ಮುಚ್ಚಿತು ಅಂತಲ್ಲ. ಮುಂದೆ ಬೇರೆ ಶಾಲೆಗೆ ಹೋಗುವ ದಾರಿಗಳಿವೆ, ಕೆಲಸ ಕಲಿಯುತ್ತಾ ಓದುವ ಪದ್ಧತಿ ಅಲ್ಲಿ ತುಂಬಾ ಚೆನ್ನಾಗಿದೆ. ತಡವಾಗಿ ಬಂದ ಮಕ್ಕಳಿಗೆ ಸ್ವಲ್ಪ ರಿಯಾಯಿತಿಯೂ ಇದೆ. ಮೂರು ದಿನದ ಪ್ರವೇಶ ಪರೀಕ್ಷೆ ಬರೆದು ಗಿಮ್ನಾಜಿಯಂಗೆ ಪ್ರಯತ್ನ ಮಾಡಬಹುದು. ಆದರೆ ನನ್ನ ಮಗಳು ಅವತ್ತು ಕೇಳಿದ್ದು ಒಂದೇ ಮಾತು. "ಅಮ್ಮ, ಅಪ್ಪನ ಜತೆ ಅಲ್ಲೇ ಇದ್ದಿದ್ರೆ ನಾನು ದಡ್ಡಿ ಆಗ್ತಿರ್ಲಿಲ್ಲ ಅಲ್ವಾ?" ಆ ರಾತ್ರಿಯೇ ನಾನು ಡಬ್ಲಿನ್ ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಿದೆ.

ಮ್ಯೂನಿಕ್ ಶಾಲೆಯಲ್ಲಿ ನನಗೆ ಇಷ್ಟವಾದದ್ದೂ ಬಹಳ ಇದೆ. ಶಾಲೆಯಿಂದಲೇ ಈಜು ಕಲಿಸಿದರು. ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರು ಬಂದು ಸೈಕಲ್ ಪರೀಕ್ಷೆ ಮಾಡಿದರು. ಕೈ ತೋರಿಸಿ ತಿರುಗುವುದು, ಹಿಂದೆ ನೋಡುವುದು, ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು. ಮಗಳು ಪಾಸಾಗಿ ತಂದ ಕಾರ್ಡು ಇವತ್ತಿಗೂ ಅವಳ ಮೇಜಿನ ಮೇಲಿದೆ. ಫೀಸು ಇಲ್ಲ. ಮಕ್ಕಳ ಭತ್ಯೆ ಆಗ ಒಬ್ಬೊಬ್ಬರಿಗೆ ತಿಂಗಳಿಗೆ 250 ಯೂರೊ ಬರುತ್ತಿತ್ತು. ಒಬ್ಬಳೇ ದುಡಿಯುವ ಮನೆಗೆ ಅದು ದೊಡ್ಡ ದುಡ್ಡು.

ಮಗನ ಮೊದಲ ದಿನದ ಬಗ್ಗೆ ಹೇಳದಿದ್ದರೆ ಸಮಾಧಾನ ಇಲ್ಲ. ಅಲ್ಲಿ ಒಂದನೇ ಕ್ಲಾಸಿಗೆ ಸೇರುವ ಮಗುವಿಗೆ ಶೂಲ್‌ಟ್ಯೂಟೆ ಕೊಡುತ್ತಾರೆ. ಕಡಲೆಕಾಯಿ ಪೊಟ್ಟಣ ಇರುತ್ತದಲ್ಲ, ಅದೇ ಆಕಾರ, ಮಗುವಿನ ಎದೆಮಟ್ಟದ ಎತ್ತರ. ರಟ್ಟಿನಲ್ಲಿ ಮನೆಯಲ್ಲೇ ಮಾಡಿ ಒಳಗೆ ಸಿಹಿ, ಪೆನ್ಸಿಲ್ಲು, ಆಟಿಕೆ ತುಂಬುವುದು ರೂಢಿ. 2023ರ ಸೆಪ್ಟೆಂಬರ್‌ನಲ್ಲಿ ನಾನು ಎರಡು ರಾತ್ರಿ ಕೂತು ಮಾಡಿದೆ. ಮಗನಿಗೆ ಆನೆ ಬೇಕಿತ್ತು, ಬೂದು ಬಣ್ಣದ ಫೆಲ್ಟ್ ಬಟ್ಟೆ ಕತ್ತರಿಸಿ ಅಂಟಿಸಿದೆ. ಒಳಗೆ ಕೊಬ್ಬರಿ ಮಿಠಾಯಿ, ಬಣ್ಣದ ಪೆನ್ಸಿಲ್ಲು, ಒಂದು ಟಾರ್ಚ್. ಶಾಲೆಗೆ ಹೋದರೆ ಒಂದೊಂದು ಮಗುವಿನ ಜತೆ ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ. ನಮ್ಮ ಕಡೆಯಿಂದ ನಾನು, ಮಗಳು. ಫೋಟೊದವರು "ಕುಟುಂಬದವರೆಲ್ಲ ಬನ್ನಿ" ಅಂದಾಗ ಮಗಳು ಓಡಿ ಹೋಗಿ ತಮ್ಮನ ಹೆಗಲ ಮೇಲೆ ಕೈ ಹಾಕಿ ನಿಂತಳು. ನಾನು ಆ ಕಡೆ ನಿಂತೆ. ಆ ಫೋಟೊದಲ್ಲಿ ಮೂವರೂ ಚೆನ್ನಾಗಿ ಬಂದಿದ್ದೇವೆ.

ಕಷ್ಟ ಆಗಿದ್ದು ಮಾರನೇ ವಾರದಿಂದ. ಒಂದನೇ ಕ್ಲಾಸು ಕೆಲವು ದಿನ 11.20ಕ್ಕೇ ಬಿಡುತ್ತಿತ್ತು. ನನ್ನ ಕೆಲಸ ಐದರವರೆಗೆ. ಮಧ್ಯಾಹ್ನ ನೋಡಿಕೊಳ್ಳುವ ಜಾಗಕ್ಕೆ ಬೇರೆ ಅರ್ಜಿ, ಬೇರೆ ಪಟ್ಟಿ. ಅಲ್ಲಿ ಜಾಗ ಸಿಗುವವರೆಗೆ ಏಳು ವಾರ ಮಗ ನನ್ನ ಕಾನ್ಫರೆನ್ಸ್ ಕಾಲ್‌ಗಳ ಪಕ್ಕದಲ್ಲಿ ಕೂತು ಚಿತ್ರ ಬಿಡಿಸಿದ. 2026–27ರ ಶಾಲಾ ವರ್ಷದಿಂದ ಒಂದನೇ ಕ್ಲಾಸಿನ ಮಕ್ಕಳಿಗೆ ಇಡೀ ದಿನದ ಆರೈಕೆ ಕಾನೂನಿನ ಹಕ್ಕು ಆಗುತ್ತದೆ, ಆಮೇಲೆ ವರ್ಷಕ್ಕೊಂದು ಕ್ಲಾಸಿಗೆ ಹರಡುತ್ತದೆ. ಈಗ ಹೋಗುವವರಿಗೆ ಅದರಿಂದ ಅನುಕೂಲ ಆಗಬಹುದು. ಆದರೂ ಮನೆ ಬಾಡಿಗೆಗೆ ಹಿಡಿಯುವ ಮೊದಲು ಆ ಏರಿಯಾದಲ್ಲಿ ಮಧ್ಯಾಹ್ನದ ಜಾಗ ಇದೆಯಾ ಅಂತ ಕೇಳಿ. ಯಾಕೆಂದರೆ ನೀವು ಎಲ್ಲಿ ಮನೆ ಮಾಡುತ್ತೀರೋ ಆ ಬೀದಿಗೆ ಗೊತ್ತು ಮಾಡಿದ ಶಾಲೆಗೇ ಮಗು ಹೋಗಬೇಕು.

ಕಾಗದಪತ್ರದ ವಿಷಯ. ಮ್ಯೂನಿಕ್‌ನಲ್ಲಿ ಶಾಲೆಗೆ ಸೇರಿಸುವಾಗ ಇಬ್ಬರ ಸಹಿ ಕೇಳಿದರು, ಇಲ್ಲವೇ ಮಕ್ಕಳು ನನ್ನ ಸುಪರ್ದಿಯಲ್ಲಿದ್ದಾರೆ ಅನ್ನುವ ಕೋರ್ಟ್ ಆದೇಶ. ಬೆಂಗಳೂರಿನ ಫ್ಯಾಮಿಲಿ ಕೋರ್ಟಿನ ಆದೇಶವನ್ನು ಅಲ್ಲಿನ ಅಧಿಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿದೆ. ಆಫೀಸಿನ ಹೆಂಗಸು ಅದನ್ನು ಪುಟ ಪುಟ ತಿರುವಿ, ಕಾಪಿ ತೆಗೆದು, ಫೈಲಿಗೆ ಹಾಕಿದರು. ಮುಖ ನೋಡಲಿಲ್ಲ. ಡಬ್ಲಿನ್‌ನಲ್ಲಿ ಅದೇ ಆದೇಶವನ್ನು ಪ್ರಿನ್ಸಿಪಾಲ್ ಓದಿದರು. ಓದಿ, "ಸಂಜೆ ಮಕ್ಕಳನ್ನು ಯಾರು ಕರೆದುಕೊಂಡು ಹೋಗಬಹುದು? ಅಪ್ಪನಿಗೂ ರಿಪೋರ್ಟ್ ಕಳಿಸಬೇಕಾ?" ಅಂತ ಕೇಳಿದರು. ಕಳಿಸಿ ಅಂದೆ. ಆಮೇಲೆ ಮಗಳ ಕಡೆ ತಿರುಗಿ, ನಿನಗೆ ಎಷ್ಟು ಭಾಷೆ ಬರುತ್ತೆ ಅಂದರು. ಕನ್ನಡ, ಇಂಗ್ಲಿಷ್, ಹಿಂದಿ ಅಂತ ಎಣಿಸಿ, ಸ್ವಲ್ಪ ತಡೆದು, ಜರ್ಮನ್ ಅಂದಳು. ಅವರು ನಾಲ್ಕು ಬೆರಳು ಎತ್ತಿ ತೋರಿಸಿ, ಈ ಶಾಲೆಯಲ್ಲಿ ನನಗಿಂತ ಎರಡು ಜಾಸ್ತಿ ಅಂದರು.

ಐರ್ಲೆಂಡ್‌ನಲ್ಲಿ ಪ್ರಾಥಮಿಕ ಶಾಲೆ ಎಂಟು ವರ್ಷ. ಜೂನಿಯರ್ ಇನ್‌ಫಂಟ್ಸ್, ಸೀನಿಯರ್ ಇನ್‌ಫಂಟ್ಸ್, ಆಮೇಲೆ ಒಂದರಿಂದ ಆರು. ಹನ್ನೆರಡು ಹದಿಮೂರು ವಯಸ್ಸಿನವರೆಗೆ ಎಲ್ಲರೂ ಒಂದೇ ಕಡೆ. 2024ರಲ್ಲಿ ಮಗಳು ಐದನೇ ಕ್ಲಾಸಿಗೆ ಸೇರಿದಳು, ಮಗ ಎರಡಕ್ಕೆ. ಮಗಳಿಗೆ ಸಿಕ್ಕಿದ್ದು ಎರಡು ಪೂರ್ತಿ ವರ್ಷ, ಯಾವ ಸರಾಸರಿಯೂ ಇಲ್ಲದೆ. ಇಂಗ್ಲಿಷ್ ಮೊದಲೇ ಬರುತ್ತಿದ್ದದ್ದು ಅರ್ಧ ಕೆಲಸ ಮಾಡಿತು, ಅದನ್ನು ಮರೆಮಾಚಲ್ಲ. ಡಬ್ಲಿನ್ ಸುಲಭ ಆದದ್ದಕ್ಕೆ ಶಾಲೆಯಷ್ಟೇ ಭಾಷೆಯೂ ಕಾರಣ.

ಶಾಲೆ 2.30ರವರೆಗೆ. ಪಠ್ಯಪುಸ್ತಕ ಉಚಿತ, 2023ರಿಂದ ಪ್ರಾಥಮಿಕ ಶಾಲೆಗಳಲ್ಲಿ ಆ ಯೋಜನೆ ಇದೆ. ಮಧ್ಯಾಹ್ನ ಬಿಸಿ ಊಟವೂ ಸರ್ಕಾರದ್ದೇ. ನನ್ನ ಮಗ ಅದನ್ನು ಬಿಸಿಯೂಟ ಅಂತಲೇ ಕರೆಯುತ್ತಾನೆ. ಸಸ್ಯಾಹಾರಿ ಅಂತ ಮೊದಲೇ ಹೇಳಿದರೆ ಪಾಸ್ತಾ, ತರಕಾರಿ ಕರ್ರಿ ಬರುತ್ತದೆ. ಖಾರ ಸೊನ್ನೆ. ಯೂನಿಫಾರ್ಮ್ ಇದೆ. ಡನ್ಸ್ ಸ್ಟೋರ್ಸ್‌ನಲ್ಲಿ ಸಾದಾ ಪ್ಯಾಂಟು, ಶರ್ಟು ಅಗ್ಗಕ್ಕೆ ಸಿಗುತ್ತದೆ. ಶಾಲೆಯ ಗುರುತಿರುವ ಸ್ವೆಟರ್ ಮಾತ್ರ ದುಬಾರಿ. ಮಕ್ಕಳ ಭತ್ಯೆ ಜರ್ಮನಿಗಿಂತ ಕಮ್ಮಿ, ಒಬ್ಬರಿಗೆ 140 ಯೂರೊ. ಬಾಡಿಗೆ ವಿಪರೀತ. ನಾವು ಎರಡು ರೂಮಿನ ಮನೆಯಲ್ಲಿದ್ದೇವೆ, ಮ್ಯೂನಿಕ್‌ಗಿಂತ ಚಿಕ್ಕದು, ಕೊಡುವ ದುಡ್ಡು ಹೆಚ್ಚು.

ಇಲ್ಲಿನ ದೊಡ್ಡ ಕೊರತೆ ಧರ್ಮದ ವಿಷಯ. ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿವೆ, ಖರ್ಚು ಸರ್ಕಾರದ್ದಾದರೂ. ಸೇರಿಸಿಕೊಳ್ಳುವಾಗ ದೀಕ್ಷಾಸ್ನಾನ ಆಗಿದೆಯಾ ಅಂತ ನೋಡುವ ಪದ್ಧತಿಯನ್ನು 2018ರಲ್ಲಿ ತೆಗೆದರು. ಎಜುಕೇಟ್ ಟುಗೆದರ್ ಸಂಸ್ಥೆಯ ಶಾಲೆಗಳಲ್ಲಿ ಎಲ್ಲ ಧರ್ಮದವರಿಗೂ ಒಂದೇ ಪಾಠ. ನಮಗೆ ಮನೆ ಹತ್ತಿರ ಸಿಕ್ಕಿದ್ದು ಕ್ಯಾಥೊಲಿಕ್ ಶಾಲೆ. ಎರಡನೇ ಕ್ಲಾಸು ಅಂದರೆ ಮಕ್ಕಳ ಮೊದಲ ಕಮ್ಯುನಿಯನ್ ವರ್ಷ, ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ಸಂಸ್ಕಾರ ಅದು. ವಸಂತ ಕಾಲದಲ್ಲಿ ಅದರ ತಯಾರಿಯೇ ತಯಾರಿ, ಹಾಡು, ಪ್ರಾರ್ಥನೆ, ಬಿಳಿ ಬಟ್ಟೆ. ಬೇಡ ಅಂತ ಬರೆದುಕೊಟ್ಟರೆ ಮಗುವನ್ನು ಆ ತಯಾರಿಗೆ ಸೇರಿಸುವುದಿಲ್ಲ, ಅದು ನಮ್ಮ ಹಕ್ಕು. ಆದರೆ ಮಗ ಅದೇ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತು ಬಣ್ಣ ಹಚ್ಚುತ್ತಿದ್ದ. ಆಗಲೇ ಒಂದು ಮನೆಯಿಂದ ಹೊರಗೆ ಬಂದ ಮಗು ಮತ್ತೊಂದು ಕಡೆ ಹೊರಗೆ ಕೂರುವುದು ನನಗೆ ಸಹಿಸಲು ಆಗಲಿಲ್ಲ. ಟೀಚರ್ ಹತ್ತಿರ ಮಾತಾಡಿದೆ. ಆ ಹೊತ್ತಿನಲ್ಲಿ ಲೈಬ್ರರಿಗೆ ಕಳಿಸಲು ಒಪ್ಪಿದರು, ಇನ್ನಿಬ್ಬರು ಮಕ್ಕಳೂ ಜತೆಗೆ ಹೋದರು. ಕೇಳಿದ ಮೇಲೆ ಮಾಡಿದರು. ಕೇಳದಿದ್ದರೆ ಮಾಡುತ್ತಿರಲಿಲ್ಲ.

ಐರಿಷ್ ಭಾಷೆ ಕಡ್ಡಾಯ. ಹನ್ನೆರಡು ತುಂಬಿದ ಮೇಲೆ ಹೊರಗಿನಿಂದ ಬಂದ ಮಕ್ಕಳು ವಿನಾಯಿತಿ ಕೇಳಬಹುದು. ನನ್ನ ಮಕ್ಕಳಿಗೆ ಅದು ಇಲ್ಲ. ಮಗಳಿಗೆ ಬೇಜಾರೇನೂ ಇಲ್ಲ, ಯಾಕೆಂದರೆ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಅದು ಬರುವುದೇ ಇಲ್ಲ.

ಈಗ ಯಾರೂ ಹೇಳದ ಒಂದು ವಿಷಯ, ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಡಿವೋರ್ಸ್ ಒಪ್ಪಂದದಲ್ಲಿ "ಏಪ್ರಿಲ್–ಮೇ ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಮಕ್ಕಳು ತಂದೆಯ ಜತೆ" ಅಂತ ಬರೆದಿತ್ತು. ಬೆಂಗಳೂರಿನ ಲೆಕ್ಕದಲ್ಲಿ ಸರಿ. ಬವೇರಿಯಾದಲ್ಲಿ ದೊಡ್ಡ ರಜೆ ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ, ಆರು ವಾರ. ಐರ್ಲೆಂಡ್‌ನಲ್ಲಿ ಪ್ರಾಥಮಿಕ ಶಾಲೆಗೆ ಜುಲೈ, ಆಗಸ್ಟ್. ಏಪ್ರಿಲ್‌ನಲ್ಲಿ ಈಸ್ಟರ್‌ಗೆ ಎರಡು ವಾರ ಅಷ್ಟೆ. ಬವೇರಿಯಾದಲ್ಲಿ ರಜೆಗೆ ಎರಡು ದಿನ ಮೊದಲು ಹೊರಡುವಂತೆಯೂ ಇಲ್ಲ. 2018ರಲ್ಲಿ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಶಾಲೆ ತಪ್ಪಿಸಿ ಹೊರಟ ಮಕ್ಕಳನ್ನು ಹಿಡಿದಿದ್ದರು. ಹಾಗಾಗಿ ಮೊದಲ ವರ್ಷ ಒಪ್ಪಂದ ಮುರಿದ ಹಾಗಾಯಿತು, ಮಕ್ಕಳ ಅಪ್ಪನಿಗೆ ಸಿಟ್ಟು ಬಂತು, ಅವರ ಸಿಟ್ಟು ತಪ್ಪಲ್ಲ. ವಕೀಲರನ್ನು ಹಿಡಿದು ಮತ್ತೆ ಬರೆಸಿದೆವು. ಆಗಸ್ಟ್‌ನಲ್ಲಿ ಊರಿಗೆ ಹೋದರೆ ಮಾವಿನ ಹಣ್ಣು ಮುಗಿದಿರುತ್ತದೆ, ಆಡಲು ಅಕ್ಕನ ಮಕ್ಕಳು ಶಾಲೆಯಲ್ಲಿರುತ್ತಾರೆ, ತೀರ್ಥಹಳ್ಳಿಯಲ್ಲಿ ಹಗಲೂ ರಾತ್ರಿ ಮಳೆ. ನೀವು ಸಹಿ ಹಾಕುವ ಮೊದಲು ಹೋಗುವ ದೇಶದ ಶಾಲಾ ಕ್ಯಾಲೆಂಡರ್ ತೆಗೆದು ವಕೀಲರ ಮುಂದೆ ಇಡಿ. ತಿಂಗಳ ಹೆಸರು ಬೇಡ, "ಮಕ್ಕಳ ಶಾಲೆಯ ದೊಡ್ಡ ರಜೆ" ಅಂತ ಬರೆಸಿ.

ಎಂಟು ವರ್ಷದ ಒಳಗಿನ ಮಗು ಇದ್ದರೆ ಮ್ಯೂನಿಕ್‌ಗೆ ಧೈರ್ಯವಾಗಿ ಹೋಗಿ ಅನ್ನುತ್ತೇನೆ. ನನ್ನ ಮಗ ಅಲ್ಲಿ ಆರು ತಿಂಗಳಲ್ಲಿ ಜರ್ಮನ್ ಮಾತಾಡಿದ. ಎಂಟರಿಂದ ಹನ್ನೊಂದರ ಮಗು, ಅದೂ ಮನೆಯಲ್ಲಿ ಇಷ್ಟೆಲ್ಲ ನೋಡಿ ಬಂದ ಮಗು ಆದರೆ, ಬವೇರಿಯಾಕ್ಕೆ ಕರೆದುಕೊಂಡು ಹೋಗಬೇಡಿ. ಜರ್ಮನಿಯೇ ಬೇಕು ಅಂದರೆ ಬರ್ಲಿನ್ ನೋಡಿ.

ಮಗಳು ಈಗ ಆರನೇ ಕ್ಲಾಸು. ಅಕ್ಟೋಬರ್‌ನಲ್ಲಿ ಸೆಕೆಂಡರಿ ಶಾಲೆಗೆ ಅರ್ಜಿ ಹಾಕಿದೆವು. ಬಸ್ಸಿನಲ್ಲಿ ಹದಿನೈದು ನಿಮಿಷದ ದೂರದ ಶಾಲೆಯಲ್ಲಿ ಸೀಟು ಸಿಕ್ಕಿತು. ಅವಳು ಆ ಕಾಗದವನ್ನು ಎರಡು ಸಲ ಓದಿದಳು. "ಮಾರ್ಕ್ಸ್ ಚೆನ್ನಾಗಿ ಬರೋರೂ ಇದೇ ಶಾಲೆಗೆ ಬರ್ತಾರಾ?" ಅಂದಳು. ಹೂಂ, ಎಲ್ಲರೂ ಬರ್ತಾರೆ ಅಂದೆ. ಕಾಗದ ಹಿಡಿದುಕೊಂಡು ಅಪ್ಪನಿಗೆ ವಿಡಿಯೊ ಕಾಲ್ ಮಾಡಲು ರೂಮಿಗೆ ಹೋದಳು.