ಐದು ಪಟ್ಟು ಬೆಲೆಯ ಗಾಲ್ಫ್ ಸೆಟ್ ಮತ್ತು ನನ್ನ ಹಳೇ ಸೆಟ್: ಆರು ತಿಂಗಳ ಹೋಲಿಕೆ

ಬೆನ್ನುನೋವು ಬಂದು ನನ್ನ ಗೆಳೆಯರೊಬ್ಬರು ಆರು ತಿಂಗಳು ಗಾಲ್ಫ್ ಬಿಡಬೇಕಾಯಿತು. ಅವರ ಸೆಟ್ ಕೊಂಡು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. "ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತೆ, ನೀವೇ ಆಡಿ" ಎಂದು ಬ್ಯಾಗ್ ಸಮೇತ ನನಗೆ ಕೊಟ್ಟರು. ನನ್ನದು ಹತ್ತು ವರ್ಷ ಹಳೆಯ ಸೆಟ್. ಅದನ್ನೂ ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಲೆಕ್ಕ ಹಾಕಿದರೆ ಅವರದಕ್ಕೆ ನನ್ನದರ ಐದು ಪಟ್ಟು ಬೆಲೆ.

ದುಬಾರಿ ಸಾಮಾನಿಗೆ ಹಾಕಿದ ದುಡ್ಡು ವಸೂಲಾಗುತ್ತದಾ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಈಗ ಎರಡೂ ಕೈಯಲ್ಲೇ ಇದ್ದವು. ಒಂದು ವಾರ ಅವರ ಬ್ಯಾಗ್, ಮರುವಾರ ನನ್ನದು, ಹೀಗೆ ಆಡಿದೆ. ಅಭ್ಯಾಸ ಮಾಡುವ ರೇಂಜ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಐದು ಹೊಡೆತಕ್ಕೊಮ್ಮೆ ಬದಲಿಸಿದೆ. ಈ ಬದಲಾಯಿಸುವುದು ಮುಖ್ಯ. ಮೊದಲು ಮೂವತ್ತು ಚೆಂಡು ಹಳೇದರಲ್ಲಿ, ಆಮೇಲೆ ಮೂವತ್ತು ಹೊಸದರಲ್ಲಿ ಹೊಡೆದರೆ, ಅಷ್ಟೊತ್ತಿಗೆ ಮೈ ಬಿಸಿಯಾಗಿರುತ್ತದೆ, ಹೊಸದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ನನ್ನ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಸಂಖ್ಯೆ, ಕಡಿಮೆಯಿದ್ದಷ್ಟೂ ಆಟ ಚೆನ್ನ) 19. ನಿಮ್ಮದು 5 ಆಗಿದ್ದರೆ ಮುಂದಿನ ಕೆಲವು ಮಾತು ನಿಮಗೆ ಹೊಂದದೇ ಇರಬಹುದು.

ಎಲ್ಲರೂ ಮೊದಲು ಕೇಳುವುದು ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಬಗ್ಗೆ. ದುಡ್ಡು ಜಾಸ್ತಿ ಹೋಗುವುದೂ ಅಲ್ಲೇ. ರಾಡಾರ್ ಯಂತ್ರದ ಮುಂದೆ ನಿಂತು ಎರಡರಲ್ಲೂ ಮೂವತ್ತು ಮೂವತ್ತು ಚೆಂಡು ಹೊಡೆದೆ. ಮುಖದ ನಡುವೆ ತಾಗಿದ ಹೊಡೆತಗಳನ್ನು ಮಾತ್ರ ಆರಿಸಿ ನೋಡಿದರೆ ಹೊಸ ಡ್ರೈವರ್ ನಾಲ್ಕು ಗಜ ಮುಂದಿತ್ತು. ನನ್ನದೇ ಎರಡು ಹೊಡೆತಗಳ ನಡುವೆ ಇಪ್ಪತ್ತು ಗಜ ವ್ಯತ್ಯಾಸ ಇರುವಾಗ ನಾಲ್ಕು ಗಜ ಯಾವ ಲೆಕ್ಕ?

ಇದರ ಹಿಂದೆ ಕಾರಣವಿದೆ. ಗಾಲ್ಫ್ ನಿಯಮಗಳನ್ನು ಮಾಡುವುದು ಆರ್ ಅಂಡ್ ಎ ಮತ್ತು ಯುಎಸ್‌ಜಿಎ. ಡ್ರೈವರ್ ತಲೆಯ ಗಾತ್ರ 460 ಘನ ಸೆಂಟಿಮೀಟರ್ ದಾಟಬಾರದು ಎಂಬ ನಿಯಮ 2004ರಲ್ಲೇ ಬಂತು. ಮುಖದ ಸ್ಪ್ರಿಂಗ್ ಗುಣಕ್ಕೂ ಮಿತಿ ಇದೆ. ಉಕ್ಕಿನ ಗುಂಡು ಕಟ್ಟಿದ ಲೋಲಕವನ್ನು ಮುಖಕ್ಕೆ ತಾಗಿಸಿ, ಗುಂಡು ಎಷ್ಟು ಹೊತ್ತು ಮುಖಕ್ಕೆ ಅಂಟಿಕೊಂಡಿರುತ್ತದೆ ಎಂದು ಅಳೆಯುತ್ತಾರೆ. ಮಿತಿ 239 ಮೈಕ್ರೋಸೆಕೆಂಡ್, ಅದರ ಮೇಲೆ 18ರ ವಿನಾಯಿತಿ. ಒಳ್ಳೆಯ ಕಂಪನಿಗಳೆಲ್ಲ ಆ ಗೋಡೆಯ ಹತ್ತಿರ ಬಂದು ನಿಂತು ವರ್ಷಗಳಾದವು. ಹಾಗಿರುವಾಗ ಈ ವರ್ಷದ ಡ್ರೈವರ್ ಹೋದ ವರ್ಷದ್ದಕ್ಕಿಂತ ಹದಿನೈದು ಗಜ ದೂರ ಹೊಡೆಯುತ್ತದೆ ಎಂದರೆ ಹೇಗೆ ನಂಬುವುದು? 1991ರಲ್ಲಿ ಬಿಗ್ ಬರ್ತಾ ಎಂಬ ಡ್ರೈವರ್ ಬಂದಾಗ ಅದರ ತಲೆ 190 ಘನ ಸೆಂಟಿಮೀಟರ್. ಆ ಕಾಲದವರಿಗೆ ಅದೇ ದೊಡ್ಡದು. ಅಲ್ಲಿಂದ 460ಕ್ಕೆ ಬೆಳೆದದ್ದು ನಿಜವಾದ ಜಿಗಿತ. ಆಮೇಲೆ ಬಂದದ್ದೆಲ್ಲ ಸಣ್ಣ ಸಣ್ಣ ಹೆಜ್ಜೆ.

ಆದರೆ ಹೊಸ ಡ್ರೈವರ್‌ಗೆ ಸಲ್ಲಬೇಕಾದ ಮಾತನ್ನೂ ಹೇಳಬೇಕು. ಚೆಂಡು ಮುಖದ ನಡುವೆ ತಾಗದೆ ಟೋ (ಕ್ಲಬ್ ತಲೆಯ ಹೊರತುದಿ) ಕಡೆ ತಾಗಿದಾಗ ನನ್ನ ಹಳೇದು ಕೈಯಲ್ಲಿ ತಿರುಚಿಕೊಳ್ಳುತ್ತಿತ್ತು, ದೂರವೂ ಚೆನ್ನಾಗಿ ಕಡಿಮೆಯಾಗುತ್ತಿತ್ತು. ಹೊಸದು ಅಷ್ಟು ತಿರುಚಿಕೊಳ್ಳಲಿಲ್ಲ. ಅಂಥ ಹೊಡೆತಗಳಲ್ಲಿ ಹತ್ತು ಗಜ ಉಳಿಯಿತು. ತೂಕವನ್ನು ತಲೆಯ ಅಂಚಿಗೆ, ಹಿಂದಕ್ಕೆ ತಳ್ಳಿರುವುದರ ಫಲ ಅದು. ಆದರೆ ನನ್ನ ಸ್ಲೈಸ್, ಅಂದರೆ ಬಲಕ್ಕೆ ಬಾಗಿ ಹೋಗುವ ಹೊಡೆತ, ಎರಡರಲ್ಲೂ ಒಂದೇ. ಚೆಂಡು ಯಾವ ಕಡೆ ಹೊರಡಬೇಕು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ತಾಗುವ ಗಳಿಗೆಯಲ್ಲಿ ಮುಖ ಎತ್ತ ನೋಡುತ್ತಿದೆ ಎಂಬುದು. ಮುಖ ತೆರೆದುಕೊಂಡಿದ್ದರೆ ಚೆಂಡು ಬಲಕ್ಕೆ ಬಾಗುತ್ತಲೇ ಹೋಗುತ್ತದೆ, ಬೆಲೆ ಎಷ್ಟೇ ಇರಲಿ.

ಡ್ರೈವರ್ ವಿಷಯದಲ್ಲಿ ನನ್ನ ತೀರ್ಪು: ಮೂರು ನಾಲ್ಕು ವರ್ಷ ಹಳೆಯ ಮಾಡೆಲ್ ಕೊಳ್ಳಿ. ಹೊಸದರ ಗುಣ ಬಹುಪಾಲು ಅದರಲ್ಲೂ ಇರುತ್ತದೆ, ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಮಧ್ಯಮ ದೂರಕ್ಕೆ ಹೊಡೆಯುವ, ಉಕ್ಕಿನ ತಲೆಯ ಐರನ್‌ಗಳ ಕಥೆಯೇ ಬೇರೆ. ಗೆಳೆಯರ ಐರನ್‌ಗಳು ಬ್ಲೇಡ್, ಬಡಿದು ಮಾಡಿದ ಮೆತು ಉಕ್ಕಿನವು. ನೋಡೋಕೆ ತುಂಬಾ ಚೆಂದ. ಅಂಚು ತೆಳ್ಳಗೆ, ತಲೆ ಪುಟ್ಟದು, ಹಿಂಭಾಗ ನುಣುಪು. ನಡುವೆ ತಾಗಿದರೆ ಏನೂ ತಾಗಲೇ ಇಲ್ಲವೇನೋ ಅನಿಸುತ್ತದೆ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಆ ಸುಖಕ್ಕೆ ಬೆಲೆ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ನಾನು ಹತ್ತರಲ್ಲಿ ಮೂರು ಸಲ ನಡುವೆ ತಾಗಿಸಿದರೆ ಹೆಚ್ಚು. ಉಳಿದ ಏಳು ಸಲ? ಚಳಿಗಾಲದ ಒಂದು ಬೆಳಿಗ್ಗೆ ಅವರ 4 ಐರನ್‌ನಲ್ಲಿ ಚೆಂಡಿನ ಹೊಟ್ಟೆಗೆ ಹೊಡೆದೆ. ಎಡಗೈ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಜುಮ್ಮೆಂದಿತು. ಚೆಂಡು ಎಂಬತ್ತು ಗಜ ಉರುಳಿ ನಿಂತಿತು.

ನನ್ನವು ಕ್ಯಾವಿಟಿ ಬ್ಯಾಕ್. ಹಿಂಭಾಗ ತೋಡಿ ತೂಕವನ್ನೆಲ್ಲ ಅಂಚಿಗೆ ಹಂಚಿರುತ್ತಾರೆ. ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೊಲ್ಹೈಮ್ ಈ ದಾರಿಯನ್ನು ಜನಪ್ರಿಯ ಮಾಡಿದವರು. ತಾಗುವ ಜಾಗ ತಪ್ಪಿದರೂ ಚೆಂಡು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರಕ್ಕಾದರೂ ಹೋಗುತ್ತದೆ. ಹಾಗಾಗಿ ನನ್ನ ಕೈಯಲ್ಲಿ ದುಬಾರಿ ಐರನ್‌ಗಿಂತ ಅಗ್ಗದ ಐರನ್ ಚೆನ್ನಾಗಿ ಆಡಿತು. ಬ್ಲೇಡ್ ಕೆಟ್ಟದ್ದು ಎಂದಲ್ಲ. ಅದು ಪಳಗಿದ ಕೈ ಕೇಳುತ್ತದೆ. ಗೆಳೆಯರ ಶಾಫ್ಟ್‌ಗಳೂ (ಕ್ಲಬ್‌ನ ಕೋಲು) ಸ್ಟಿಫ್, ಅಂದರೆ ಕಡಿಮೆ ಬಾಗುವಂಥವು, ನನ್ನ ಸ್ವಿಂಗ್ ವೇಗಕ್ಕೆ ಇನ್ನಷ್ಟು ಬಾಗುವ ರೆಗ್ಯುಲರ್ ಬೇಕು. ಬೆಲೆ ಜಾಸ್ತಿಯಾದಂತೆ ಸಾಮಾನು ಸುಲಭವಾಗುತ್ತದೆ ಎಂದು ಅಂದುಕೊಂಡಿದ್ದೆ. ಇಲ್ಲಿ ತಿರುಗಾಮುರುಗಾ.

ಈ ನಡುವೆ ಹೊಸ ಕ್ಲಬ್ ಹೊಡೆದು ನೋಡಲು ಬಿಡುವ ಒಂದು ಡೆಮೋಗೂ ಹೋಗಿ ಬಂದೆ. ಅಲ್ಲಿ ಕೊಟ್ಟ ಹೊಸ 7 ಐರನ್‌ನಲ್ಲಿ ನನ್ನ 7 ಐರನ್‌ಗಿಂತ ಹದಿಮೂರು ಗಜ ದೂರ ಹೋಯಿತು. ಎದೆ ಉಬ್ಬಿತು. ಆಮೇಲೆ ಲಾಫ್ಟ್ ಕೇಳಿದೆ. ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದರ ಕೋನ ಅದು, ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಅದರದ್ದು 28 ಡಿಗ್ರಿ, ನನ್ನದು 34. ಅಂದರೆ ಹೆಚ್ಚುಕಡಿಮೆ ನನ್ನ 5 ಐರನ್ ಮೇಲೆ 7 ಎಂದು ಬರೆದ ಹಾಗೆ! ಚೆಂಡು ಎತ್ತರ ಏರಲಿ ಎಂದು ತೂಕ ಕೆಳಗೆ ಇಟ್ಟು ಮಾಡಿರುತ್ತಾರೆ ನಿಜ, ಅದರಲ್ಲಿ ಮೋಸವಿಲ್ಲ. ಆದರೆ ಹೋಲಿಸುವಾಗ ಕ್ಲಬ್ ಮೇಲಿನ ನಂಬರ್ ನೋಡಬೇಡಿ, ಲಾಫ್ಟ್ ನೋಡಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಇನ್ನು ನನ್ನ ಆಟವನ್ನೇ ಬದಲಿಸಿದ ಸಂಗತಿ. ನನ್ನ ಐರನ್ ಹೊಡೆತಗಳು ಯಾವಾಗಲೂ ಗ್ರೀನ್‌ನ ಎಡಕ್ಕೆ ಹೋಗುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇದೆಯಲ್ಲ, ಅದನ್ನು ನೆನೆದು ತಪ್ಪು ನನ್ನ ಸ್ವಿಂಗ್‌ನದೇ ಎಂದುಕೊಂಡಿದ್ದೆ. ಒಬ್ಬ ಹಿರಿಯ ಕೋಚ್ ಒಂದು ಮಾರ್ಕರ್ ತೆಗೆದು ಚೆಂಡಿನ ಹಿಂಭಾಗದಲ್ಲಿ ದಪ್ಪಗೆ ಗೆರೆ ಎಳೆದರು. ಗೆರೆ ನೆಟ್ಟಗೆ ನಿಲ್ಲುವ ಹಾಗೆ ಚೆಂಡು ಇಟ್ಟು "ಹೊಡೀರಿ" ಎಂದರು. ಹೊಡೆದೆ. ಕ್ಲಬ್ ಮುಖ ತಿರುಗಿಸಿ ನೋಡಿದರೆ ಶಾಯಿಯ ಗೆರೆ ಅದರ ಮೇಲೆ ಅಚ್ಚಾಗಿತ್ತು, ಓರೆಯಾಗಿ. ಇನ್ನೊಂದು ಚೆಂಡು, ಮತ್ತೆ ಓರೆ. ಆರು ಚೆಂಡು, ಆರೂ ಒಂದೇ ಕಡೆ ಓರೆ. ಇಲ್ಲಿ ನೆಲವೇ ಡೊಂಕಾಗಿತ್ತು.

ಶಾಫ್ಟ್ ನೆಲಕ್ಕೆ ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂಬುದಕ್ಕೆ ಲೈ ಆಂಗಲ್ ಎನ್ನುತ್ತಾರೆ. ನನ್ನ ಎತ್ತರಕ್ಕೆ ಆ ಕ್ಲಬ್‌ಗಳು ಎರಡು ಡಿಗ್ರಿ ಜಾಸ್ತಿ ನೆಟ್ಟಗಿದ್ದವು. ತಾಗುವಾಗ ಟೋ ಮೇಲೆದ್ದು ಮುಖ ಎಡಕ್ಕೆ ನೋಡುತ್ತಿತ್ತು. ಲಾಫ್ಟ್ ಹೆಚ್ಚಿದಷ್ಟೂ ಈ ದೋಷ ಜಾಸ್ತಿ, ಅದಕ್ಕೇ ಗಿಡ್ಡ ಐರನ್‌ಗಳೇ ಹೆಚ್ಚು ಎಡಕ್ಕೆ ಹೋಗುತ್ತಿದ್ದದ್ದು. ತಲೆ ಮತ್ತು ಶಾಫ್ಟ್ ಸೇರುವ ಕಡೆ ಬಗ್ಗಿಸಿ ಇದನ್ನು ಸರಿಮಾಡುತ್ತಾರೆ. ಎರಕದ ಉಕ್ಕು ಬಗ್ಗಿಸುವುದು ಕಷ್ಟ, ಆದರೂ ನನ್ನವು ಆ ಎರಡು ಡಿಗ್ರಿ ಬಗ್ಗಿದವು. ಅದಕ್ಕೆ ತಗುಲಿದ ಖರ್ಚು ಹೊಸ ಡ್ರೈವರ್‌ನ ಬೆಲೆಯಲ್ಲಿ ಒಂದು ಚೂರು. ಮುಂದಿನ ರೌಂಡಿನಲ್ಲಿ 9 ಐರನ್‌ನಿಂದ ಮೂರು ಸಲ ಗ್ರೀನ್ ಹಿಡಿದೆ. ಮೂರೂ ಕುಳಿಯ ಕಂಬದ ನೇರಕ್ಕೆ. ಅಂದಿನ ಖುಷಿ ಇನ್ನೂ ಮಾಸಿಲ್ಲ.

ಚೆಂಡಿನ ಪರೀಕ್ಷೆ ಮಾಡುವಾಗ ನನ್ನ ಹಳೇ ನಂಬಿಕೆಯೊಂದು ಕಳಚಿತು. ಚೆಂಡು ಚೆಂಡೇ ಅಲ್ವಾ, ತೂಕ 45.93 ಗ್ರಾಂ ಮೀರಬಾರದು, ಅಗಲ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ಎಲ್ಲಕ್ಕೂ ಒಂದೇ ನಿಯಮ ಎಂದುಕೊಂಡಿದ್ದೆ. ವ್ಯತ್ಯಾಸ ಇರುವುದು ಹೊದಿಕೆಯಲ್ಲಿ. ಅಗ್ಗದ ಚೆಂಡಿಗೆ ಗಟ್ಟಿ ಅಯನೋಮರ್ ಹೊದಿಕೆ, ದುಬಾರಿಯದಕ್ಕೆ ಮೃದು ಯುರಿಥೇನ್. ಅದೇ ವೆಜ್ (ಗ್ರೀನ್ ಹತ್ತಿರದ ಹೊಡೆತಗಳ ಕ್ಲಬ್), ಅದೇ ಜಾಗ, ಮೂವತ್ತು ಗಜ ದೂರದ ಪಿಚ್, ಒಂದಾದ ಮೇಲೊಂದು ಹತ್ತು ಹತ್ತು ಹೊಡೆದು ನೋಡಿದೆ. ಯುರಿಥೇನ್ ಚೆಂಡು ಎರಡು ಸಲ ಪುಟಿದು, ಯಾರೋ ಹಗ್ಗ ಹಿಡಿದು ಎಳೆದ ಹಾಗೆ ನಿಂತಿತು. ಬಿದ್ದ ಜಾಗದಿಂದ ಸುಮಾರು ಮೂರು ಹೆಜ್ಜೆ. ಅಯನೋಮರ್ ಚೆಂಡು ಏಳೆಂಟು ಹೆಜ್ಜೆ ಉರುಳಿತು. 2000ದ ಅಕ್ಟೋಬರ್‌ನಲ್ಲಿ ಪ್ರೊ ವಿ1 ಎಂಬ ಯುರಿಥೇನ್ ಚೆಂಡು ಪಿಜಿಎ ಟೂರ್‌ಗೆ ಕಾಲಿಟ್ಟಾಗ ವೃತ್ತಿ ಆಟಗಾರರು ದಾರ ಸುತ್ತಿದ ಹಳೆಯ ಚೆಂಡು ಬಿಟ್ಟು ಇದರ ಕಡೆಗೆ ಓಡಿದ್ದು ಸುಮ್ಮನೆ ಅಲ್ಲ. ದೂರವೂ ಸಿಕ್ಕಿತು, ಗ್ರೀನ್ ಮೇಲೆ ಹಿಡಿತವೂ ಸಿಕ್ಕಿತು.

ಡ್ರೈವರ್ ಹೊಡೆತದಲ್ಲಿ ಮಾತ್ರ ಎರಡೂ ಚೆಂಡಿನ ನಡುವೆ ನನಗೆ ಏನೂ ಗೊತ್ತಾಗಲಿಲ್ಲ. ರೌಂಡಿಗೆ ನಾಲ್ಕೈದು ಚೆಂಡು ಕಳೆಯುವವರು ಯುರಿಥೇನ್‌ಗೆ ದುಡ್ಡು ಸುರಿಯುವುದು ಬೇಡ. ಒಂದೋ ಎರಡೋ ಕಳೆಯುವವರು ಮಧ್ಯಮ ಬೆಲೆಯ ಯುರಿಥೇನ್ ಹಿಡಿಯಿರಿ, ನಾನೀಗ ಆಡುವುದು ಅದನ್ನೇ. ಯಾವುದಾದರೂ ಸರಿ, ಒಂದನ್ನೇ ಆಡಿ. ದಿನಕ್ಕೊಂದು ಚೆಂಡು ಬದಲಿಸಿದರೆ ಗ್ರೀನ್ ಹತ್ತಿರ ಕೈಗೆ ಅಂದಾಜೇ ಸಿಗುವುದಿಲ್ಲ.

ವೆಜ್‌ನಲ್ಲಿ ಬೆಲೆಗಿಂತ ವಯಸ್ಸು ಮುಖ್ಯ. ನನ್ನ ಹಳೇ ವೆಜ್‌ನ ಗೀರುಗಳ ಮೇಲೆ ಉಗುರು ಎಳೆದರೆ ಜಾರಿ ಹೋಗುತ್ತಿತ್ತು. ಗೆಳೆಯರದರಲ್ಲಿ ಉಗುರು ಕಚ್ಚಿಕೊಳ್ಳುತ್ತಿತ್ತು. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಅಜಗಜಾಂತರ. ನನ್ನದರಿಂದ ಹೊಡೆದ ಚೆಂಡು ಮುಖದ ಮೇಲೆ ಜಾರಿ ಮೇಲಕ್ಕೆ ಹಾರಿ, ಬಿದ್ದ ಮೇಲೆ ಉರುಳುತ್ತಲೇ ಹೋಗುತ್ತಿತ್ತು. ಆದರೆ ಮಧ್ಯಮ ಬೆಲೆಯ ಹೊಸ ವೆಜ್ ಒಂದನ್ನು ಕೊಂಡು ಗೆಳೆಯರದರ ಜೊತೆ ಇಟ್ಟು ನೋಡಿದಾಗ ಭೇದ ಕಾಣಲಿಲ್ಲ. ದುಬಾರಿ ವೆಜ್ ಒಂದನ್ನು ಎಂಟು ವರ್ಷ ಎಳೆಯುವ ಬದಲು ಸಾಧಾರಣದ್ದನ್ನು ಆಗಾಗ ಬದಲಿಸುವುದು ಲೇಸು.

ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಅಡಿಯಿಂದ ಐವತ್ತು ಐವತ್ತು ಪಟ್. ಯಂತ್ರದಲ್ಲಿ ಕೊರೆದು ಮಾಡಿದ ಅವರ ದುಬಾರಿ ಪಟರ್‌ನಲ್ಲಿ 25 ಒಳಗೆ ಹೋದವು, ನನ್ನದರಲ್ಲಿ 24. ನನ್ನದನ್ನು ಒಂದೂವರೆ ಇಂಚು ಕತ್ತರಿಸಿ ಗಿಡ್ಡ ಮಾಡಿಸಿದ ಮೇಲೆ 29. ಕಣ್ಣು ಚೆಂಡಿನ ನೇರ ಮೇಲೆ ಬಂತು, ಅಷ್ಟೇ.

ಗ್ರಿಪ್ ಬದಲಿಸಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸವೆದು ಹೊಳಪು ಬಂದ ಗ್ರಿಪ್ ಜಾರುತ್ತದೆ, ಜಾರಬಾರದೆಂದು ನಾವು ಬಿಗಿಯಾಗಿ ಹಿಡಿಯುತ್ತೇವೆ, ಹಿಡಿತ ಬಿಗಿಯಾದರೆ ಮಣಿಕಟ್ಟು ಕಟ್ಟಿಹಾಕಿದ ಹಾಗೆ. ಹದಿಮೂರು ಕ್ಲಬ್‌ಗೂ ಹೊಸ ಗ್ರಿಪ್ ಹಾಕಿಸಿದ ದಿನ ಹೊಸ ಸೆಟ್ಟೇ ಬಂದಷ್ಟು ಹಗುರ ಅನಿಸಿತು. ದೂರ ಅಳೆಯುವ ಲೇಸರ್‌ನಲ್ಲೂ ಅಗ್ಗದ್ದು ದುಬಾರಿಯದ್ದು ಕಂಬದ ದೂರವನ್ನು ಒಂದು ಗಜದೊಳಗೆ ಒಂದೇ ಹೇಳಿದವು.

ಕಡಿಮೆ ಸಾಮಾನಿನಲ್ಲೂ ಚೆನ್ನಾಗಿ ಆಡಬಹುದು. ಅಮೆರಿಕದ ಆಟಗಾರ ಚಿಕ್ ಇವಾನ್ಸ್ 1916ರ ಯುಎಸ್ ಓಪನ್ ಗೆದ್ದದ್ದು ಏಳೇ ಕ್ಲಬ್‌ಗಳಲ್ಲಿ, ಅದೂ ಮರದ ಶಾಫ್ಟಿನವು. ಅವರ 286 ಹೊಡೆತಗಳ ದಾಖಲೆ ಇಪ್ಪತ್ತು ವರ್ಷ ನಿಂತಿತು. ಸ್ಪೇನ್‌ನ ಹೆಸರಾಂತ ಆಟಗಾರ ಸೆವೆ ಬ್ಯಾಲೆಸ್ಟೆರೋಸ್ ಹುಡುಗನಾಗಿದ್ದಾಗ ಕಡಲ ತೀರದ ಮರಳಿನಲ್ಲಿ ಒಂದೇ 3 ಐರನ್ ಹಿಡಿದು ಎಲ್ಲ ಬಗೆಯ ಹೊಡೆತ ಕಲಿತರು. ನಾನು ಈಗಲೂ ಒಮ್ಮೊಮ್ಮೆ ಸಂಜೆ ಮೂರೇ ಕ್ಲಬ್ ಹಿಡಿದು ಒಂಬತ್ತು ಹೋಲ್ ಆಡುತ್ತೇನೆ. ಸ್ಕೋರ್ ಅಷ್ಟೇನೂ ಕೆಡುವುದಿಲ್ಲ.

ಆರು ತಿಂಗಳಾದ ಮೇಲೆ ಗೆಳೆಯರು ಬೆನ್ನು ಸರಿಮಾಡಿಕೊಂಡು ರೇಂಜ್‌ಗೆ ಬಂದರು. ಕ್ಲಬ್‌ಗಳನ್ನೆಲ್ಲ ಒರೆಸಿ ಬ್ಯಾಗ್ ಮರಳಿ ಕೊಟ್ಟೆ. ನನ್ನ ಟಿಪ್ಪಣಿ ಪುಸ್ತಕವನ್ನು ನಿಧಾನವಾಗಿ ಓದಿದರು, ಲೈ ಆಂಗಲ್ ಬರೆದಿದ್ದ ಪುಟದಲ್ಲಿ ನಿಂತರು. "ಆ ಮಾರ್ಕರ್ ಇದ್ರೆ ಕೊಡಿ ಇಲ್ಲಿ" ಎಂದರು. ಚೆಂಡಿಗೆ ಗೆರೆ ಎಳೆದು ತಮ್ಮ 7 ಐರನ್‌ನಲ್ಲಿ ಮೆಲ್ಲಗೆ ಹೊಡೆದರು. ಇಬ್ಬರೂ ಬಾಗಿ ನೋಡಿದೆವು. ಅವರ ಬ್ಲೇಡಿನ ಮೇಲೂ ಗೆರೆ ಓರೆ, ನನ್ನದಕ್ಕಿಂತ ಜಾಸ್ತಿ. ಕೊಳ್ಳುವಾಗ ಯಾರೂ ಅವರ ಅಳತೆ ತೆಗೆದಿರಲಿಲ್ಲವಂತೆ. ಮೆತು ಉಕ್ಕು ಸುಲಭವಾಗಿ ಬಗ್ಗುತ್ತದೆ ಎಂದು ಹೇಳಿದೆ. ಮರುದಿನವೇ ಹೋಗಿ ಸರಿಮಾಡಿಸಿಕೊಂಡು ಬಂದರು.